ಬರಿಗಾಲಿನ ಆಟಗಾರ ಅಹಮದ್ ಖಾನ್

ಹುಟ್ಟಿದ ಊರಿನಲ್ಲಿ ಕಲಿತ ವಿದ್ಯೆಗೆ ಪರಸ್ಥಳದಲ್ಲಿ ಬೆಲೆ ಬರುವುದು ಪಂಡಿತರಿಗೂ ಗವಾಯಿಗಳಿಗೂ ಮಾತ್ರ ಮೀಸಲಾದ ಭಾಗ್ಯವೆಂದು ನಾವು ತಿಳಿದಿದ್ದೇವೆ. ಕಾಲ್ಚೆಂಡಾಟವೂ ಒಂದು ವಿದ್ಯೆಯೇ. ಆ ವಿದ್ಯೆಯೊಂದನ್ನೇ ನಂಬಿ ಬೆಂಗಳೂರಿನಿಂದ ಲಂಡನ್ನಿಗೂ, ಕಲ್ಕತ್ತೆಗೂ, ಹೆಲ್ಸಿಂಕಿಗೂ ಹೋದ ಅಹಮದ್ ಖಾನರ ವೃತ್ತಾಂತವನ್ನು ತಾವು ಕೇಳಬೇಕು.

ಅವರು ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. ದಂಡಿನ ಸೋಲ್ಜರರು ತಂದ ಆಟ ಅಷ್ಟರಲ್ಲಿ ಆ ಊರಿನ ಮಕ್ಕಳ ಆಟವಾಗಿತ್ತು. ಒಂದೇ ಒಂದು ವ್ಯತ್ಯಾಸ: ದೊರೆಗಳು ಬೂಟು ತೊಟ್ಟು ಆಡುತ್ತಿದ್ದರು, ನಮ್ಮವರು ಬರಿಗಾಲಿನಲ್ಲಿ. ಇದು ಬಡತನದ ಗುರುತು ಮಾತ್ರವೆಂದು ತಿಳಿಯಬೇಡಿ. ನಮ್ಮ ದೇವರಾಯಸಮುದ್ರದಂಥ ಊರುಗಳಲ್ಲಿ, ಒಣಗಿದ ಕೆರೆಯಂಗಳದಲ್ಲಿ ಚೆಂಡಾಡುವ ಹುಡುಗರನ್ನು ನೋಡಿ. ಗಟ್ಟಿನೆಲದ ಮೇಲೆ ಬರಿಯ ಪಾದಕ್ಕೆ ಚೆಂಡಿನ ಸ್ಪರ್ಶ ತಿಳಿಯುತ್ತದೆ. ಬೆರಳಿನಿಂದ ಅದನ್ನು ಎಳೆಯಬಹುದು, ತಡೆಯಬಹುದು, ತಿರುಗಿಸಬಹುದು. ಅಹಮದ್ ಖಾನರಿಗೆ ಈ ಕಲೆ ಎಷ್ಟು ವಶವಾಗಿತ್ತೆಂದರೆ ಜನರು ಅವರನ್ನು ಹಾವಾಡಿಗನೆಂದೇ ಕರೆದರು.

1948ರ ಲಂಡನ್ ಒಲಿಂಪಿಕ್ಸ್‌ಗೆ ಸ್ವತಂತ್ರ ಭಾರತದ ತಂಡದೊಡನೆ ಅವರೂ ಹೋದರು. ಜುಲೈ 31ರಂದು ಫ್ರಾನ್ಸಿನ ಎದುರು ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲೇ ಇಳಿದರು. ಬೆಂಗಳೂರಿನವರೇ ಆದ ಶಾರಂಗಪಾಣಿ ರಾಮನ್ ಒಂದು ಗೋಲು ಹೊಡೆದರು. ಎರಡು ಪೆನಾಲ್ಟಿಗಳು ವ್ಯರ್ಥವಾಗಿ, ಕಡೆಯ ಗಳಿಗೆಯಲ್ಲಿ 1-2ರಿಂದ ಸೋಲಾಯಿತು.

1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘ ಅವರನ್ನು ಬರಮಾಡಿಕೊಂಡಿತು. ದೇಶವಿಭಜನೆಯಿಂದ ಮನೆಮಠ ತೊರೆದು ಬಂದವರಿಗೆ ಆ ಸಂಘವೇ ಊರಿನ ನೆನಪು. ಅವರ ಕಣ್ಮಣಿಗಳಾದದ್ದು ದಕ್ಷಿಣದಿಂದ ಹೋದ ಐವರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹಮದ್ ಖಾನ್. ಬಂಗಾಳಿಗಳು ಇವರಿಗಿಟ್ಟ ಹೆಸರು ಪಂಚಪಾಂಡವರು! ಭಾಷೆ ಬೇರೆ, ಊಟ ಬೇರೆ; ಆದರೂ ಊರು ಕಳೆದುಕೊಂಡವರು ಪರವೂರಿನವರನ್ನು ತಮ್ಮವರೆಂದರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐ.ಎಫ್.ಎ. ಷೀಲ್ಡ್ ಆ ಸಂಘದ ಪಾಲಾಯಿತು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕ ಗೆದ್ದ ಭಾರತದ ತಂಡದಲ್ಲಿಯೂ ಖಾನರಿದ್ದರು.

ಮರುವರ್ಷ ಹೆಲ್ಸಿಂಕಿ. ನೆಲ ಬೇರೆ, ಹವೆ ಬೇರೆ. ಒಣನೆಲದಲ್ಲಿ ವರವಾಗಿದ್ದ ಬರಿಗಾಲು ಆ ಚಳಿಯಲ್ಲಿ ಶಾಪವಾಯಿತು. 1952ರ ಜುಲೈ 15ರಂದು ಯುಗೊಸ್ಲಾವಿಯ ಹತ್ತು ಗೋಲು ಹೊಡೆಯಿತು. ಭಾರತದ ಒಂದೇ ಗೋಲು 89ನೆಯ ನಿಮಿಷದಲ್ಲಿ ಬಂದಿತು; ಹೊಡೆದವರು ಅಹಮದ್ ಖಾನ್. ಆ ಎದುರಾಳಿ ಸಾಮಾನ್ಯವಲ್ಲ, ಕೊನೆಗೆ ರಜತಪದಕ ಪಡೆದ ತಂಡ. ಹತ್ತು ಗೋಲಿನ ಭಾರ ಹೊತ್ತು, ಗೆಲ್ಲುವ ಆಸೆ ಪೂರಾ ಬತ್ತಿದ ಮೇಲೂ ಆಟ ಬಿಡದವನ ಮನೋಧರ್ಮ ಎಂಥದೆಂಬುದನ್ನು ತಾವೇ ಊಹಿಸಿಕೊಳ್ಳಿ.

ಆ ಸೋಲಿನ ತರುವಾಯ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ನಿಯಮ ಸರಿಯೇ; ಲೋಕದೊಡನೆ ಸೆಣಸುವವನು ಲೋಕದ ಪರಿಕರವನ್ನು ತೊಡಲೇಬೇಕು. ಆದರೆ ಬಾಲ್ಯದಿಂದ ಪಾದಕ್ಕೆ ಕಲಿಸಿದ ಪಾಠವನ್ನು ಇಪ್ಪತ್ತಾರರ ಹರೆಯದಲ್ಲಿ ತಿದ್ದಿ ಕಲಿಯುವುದು ಸುಲಭದ ಮಾತಲ್ಲ. ಖಾನರು ಅದರ ಮೇಲೂ ಹಲವು ವರ್ಷ ಈಸ್ಟ್ ಬೆಂಗಾಲಿಗಾಗಿ ಆಡಿದರು. 1953ರಲ್ಲಿ ಆ ಸಂಘ ರುಮೇನಿಯ, ಸೋವಿಯತ್ ರಷ್ಯಗಳವರೆಗೂ ಪ್ರವಾಸ ಹೋಗಿ ಬಂದಿತು.

2017ರ ಆಗಸ್ಟಿನಲ್ಲಿ ಅಹಮದ್ ಖಾನರು ಬೆಂಗಳೂರಿನಲ್ಲಿಯೇ ಕಾಲವಾದರು. ಹೆಲ್ಸಿಂಕಿಯ ಹತ್ತು ಗೋಲುಗಳ ಕಥೆಯನ್ನು ಯಾರಾದರೂ ನಗುತ್ತ ಹೇಳಿದರೆ, ಹನ್ನೊಂದನೆಯ ಗೋಲಿನ ಮಾತನ್ನೂ ತಾವು ಮರೆಯದೆ ಸೇರಿಸಿರಿ.