ಲೆಕ್ಕ ಒಂದೇ ಮನೆಯಲ್ಲಿ ಇರಬಾರದು

ತಿಪಟೂರಿನ ಕೊಬ್ಬರಿ ವ್ಯಾಪಾರದಲ್ಲಿ ಮಾಲು ಒಂದು ಕಡೆ ಇರುತ್ತದೆ, ದುಡ್ಡು ಇನ್ನೊಂದು ಕಡೆ ಇರುತ್ತದೆ, ಲೆಕ್ಕ ಮಾತ್ರ ಮೂರು ಕಡೆ ಇರಬೇಕು. ಇದನ್ನು ಕಾಯ್ದೆ ಹೇಳಿಕೊಡುವ ಮೊದಲೇ ಈ ಸೀಮೆಯ ಕಸುಬು ಕಲಿಸಿತ್ತು. ತುರುವೇಕೆರೆಯ ತೋಟದಲ್ಲಿ ಕೆಡವಿದ ಕಾಯಿ ಸಿಪ್ಪೆ ಸಮೇತ ಅಟ್ಟ ಸೇರುತ್ತದೆ. ಅಲ್ಲಿ ಹತ್ತು ಹನ್ನೆರಡು ತಿಂಗಳು ಕೂತು ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಸದ್ದು ಮಾಡುವ ಹೊತ್ತಿಗೆ ಸುಲಿದು ಒಡೆದು ಚೀಲಕ್ಕೆ ತುಂಬುತ್ತಾರೆ. ಅಷ್ಟರೊಳಗೆ ರೈತ ಮಂಡಿಯಲ್ಲಿ ಮುಂಗಡ ತಂದಿರುತ್ತಾನೆ. ಮಾಲು ಉತ್ತರ ಭಾರತಕ್ಕೆ ಹೋದ ಮೇಲೂ ಹಣ ಬರುವುದಕ್ಕೆ ದಿನ ಹಿಡಿಯುತ್ತದೆ. ಕಾಯಿ ಕೆಡವಿದ ದಿನಕ್ಕೂ ಲೆಕ್ಕ ಚುಕ್ತಾ ಆಗುವ ದಿನಕ್ಕೂ ಒಂದು ವರ್ಷಕ್ಕಿಂತ ಹೆಚ್ಚು ಅಂತರ. ಅಷ್ಟು ಕಾಲ ಬರೀ ನೆನಪನ್ನು ನೆಚ್ಚಿಕೊಂಡು ಯಾರೂ ವ್ಯಾಪಾರ ಮಾಡಲಾರರು. ಒಂದೇ ಪುಸ್ತಕವನ್ನು ನೆಚ್ಚಿಕೊಂಡೂ ಮಾಡಲಾರರು.

ನಮ್ಮಪ್ಪ ಇಲ್ಲಿನ ಒಂದು ಮಂಡಿಯಲ್ಲಿ ರೈಟರ್ ಆಗಿದ್ದರು. ನಾನು ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ಸಣ್ಣ ಉದ್ದಿಮೆಗಳ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಗಾಣದ ಎಣ್ಣೆ, ಕೊಬ್ಬರಿ ತುರಿ, ನಾರಿನ ಸಾಮಾನು ಮಾರುವವರು ಅವರು. ಬ್ಯಾಕಪ್ ಎಂದ ಕೂಡಲೇ ಅವರಲ್ಲಿ ಬಹಳ ಜನ ಅದು ಕಂಪ್ಯೂಟರಿನವರ ತಲೆನೋವು ಎಂದುಕೊಳ್ಳುತ್ತಾರೆ. ಅದು ಕಂಪ್ಯೂಟರಿಗಿಂತ ಬಹಳ ಹಳೆಯದು, ನಮ್ಮದೇ ಪದ್ಧತಿ ಎಂದು ತೋರಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಕಾಗದ ಸುಲಭವಾಗಿ ಸಿಗದ ಕಾಲದಲ್ಲಿ ಮೈಸೂರು ಸೀಮೆಯ ವ್ಯಾಪಾರಿಗಳು ಲೆಕ್ಕ ಬರೆಯುತ್ತಿದ್ದದ್ದು ಕಡತದ ಮೇಲೆ. ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೂ ಮರದ ಪಟ್ಟಿ ಕೂಡಿಸುತ್ತಿದ್ದರು. ಬರೆಯುವುದು ಬಳಪದಲ್ಲಿ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಕಡತದ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ 8 ಇಂಚಿನಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಬಳಪದ ಅಕ್ಷರ ಬಹುಕಾಲ ನಿಲ್ಲುತ್ತಿತ್ತು, ಬೇಡವಾದರೆ ಒರೆಸಿ ಅದರ ಮೇಲೇ ಹೊಸ ಲೆಕ್ಕ ಬರೆಯಬಹುದಿತ್ತು.

ಇವತ್ತಿನ ವೆಬ್‌ಸೈಟ್ ಅಂಥದೇ ಒಂದು ಕಡತ. ಎಣ್ಣೆಯ ದರ ಬದಲಾದರೆ ಹಳೆಯ ದರ ಒರೆಸಿ ಹೋಗುತ್ತದೆ, ಅದೇ ಜಾಗದಲ್ಲಿ ಹೊಸದು ಕೂರುತ್ತದೆ. ಗಿರಾಕಿಯ ವಿಳಾಸ ತಿದ್ದಿದರೆ ಹಿಂದಿನದು ಇರುವುದಿಲ್ಲ. ಇವತ್ತಿನ ಕೆಲಸಕ್ಕೆ ಅದು ಬಹಳ ಅನುಕೂಲ. ನಿನ್ನೆ ಏನಿತ್ತು ಎಂದು ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ, ಯಾರಾದರೂ ನಿನ್ನೆಯೇ ಪ್ರತಿ ತೆಗೆದಿಟ್ಟಿರದ ಹೊರತು.

ಪ್ರತಿಯಾದದ್ದು ಉಳಿಯಿತು, ಆಗದ್ದು ಹೋಯಿತು ಎನ್ನುವುದಕ್ಕೆ ನಮ್ಮ ಸೀಮೆಯ ಚರಿತ್ರೆಯೇ ಸಾಕ್ಷಿ. ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್ 1800ರಲ್ಲಿ ಮೈಸೂರು ಸೀಮೆ ಸುತ್ತುತ್ತಾ ಚಿಕ್ಕನಾಯಕನಹಳ್ಳಿಗೂ ಬಂದಿದ್ದ. ಸಂತೆ, ವ್ಯಾಪಾರಿಗಳು, ತೆಂಗಿನ ಬೇಸಾಯ ಎಲ್ಲವನ್ನೂ ವಿಚಾರಿಸಿ ಬರೆದುಕೊಂಡ. ಆ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಗಿ ಊರೂರಿನ ಗ್ರಂಥಾಲಯ ಸೇರಿತು. ಅಂದಿನ ಸಂತೆಯ ವಿಷಯ ಇಂದು ನಮಗೆ ತಿಳಿಯುವುದು ಅದರಿಂದ. ಅವನಿಗೆ ಮಾಹಿತಿ ಕೊಟ್ಟ ವ್ಯಾಪಾರಿಗಳ ಕೈಯಲ್ಲೂ ಕಡತಗಳಿದ್ದಿರಬೇಕು. ಒಂದೊಂದೇ ಪ್ರತಿಯಿದ್ದ ಅವು ಆಯಾ ಮನೆತನದ ಜೊತೆಗೇ ಹೋಗಿರಬೇಕು.

ಕಲ್ಲಿನ ಕಥೆಯೂ ಇದೇ. ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳ ಪಾಠವನ್ನು ಜಿಲ್ಲಾವಾರು ಅಚ್ಚು ಹಾಕಿಸಿದರು. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಆ ಮಾಲೆಯ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದು, ಬಂದದ್ದು 1904ರಲ್ಲಿ. ಆಚಂದ್ರಾರ್ಕ ಉಳಿಯಲೆಂದು ಕೊರೆಸಿದ ಕಲ್ಲುಗಳಲ್ಲಿ ಎಷ್ಟೋ ರಸ್ತೆ, ಮನೆ, ಕಟ್ಟೆಗಳ ಪಾಲಾದವು. ಕಲ್ಲು ಹೋದ ಕಡೆಯೂ ಪಾಠ ಉಳಿದಿರುವುದು ಆ ಪುಸ್ತಕದ ದೆಸೆಯಿಂದ. ಕಲ್ಲಿಗೇ ಪ್ರತಿ ಬೇಕಾಯಿತು ಎಂದ ಮೇಲೆ ಬಾಡಿಗೆ ಸರ್ವರಿನ ಮೇಲಿರುವುದಕ್ಕೆ ಬೇಡವೇ?

ಮತ್ತೆ ವ್ಯಾಪಾರದ ಲೆಕ್ಕಕ್ಕೆ ಬರೋಣ. 1880ರ ದಶಕದಲ್ಲಿ ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ ತುಮಕೂರು, ತಿಪಟೂರು, ಅರಸೀಕೆರೆ ಹಾದು ಹರಿಹರದ ಕಡೆಗೆ ಹೋಯಿತು. ಉಂಡೆ ಕೊಬ್ಬರಿ ದೂರದ ಊರುಗಳಿಗೆ ಹೋಗಲು ದಾರಿ ಸಿಕ್ಕಿತು. ದಾರಿ ಉದ್ದವಾದಂತೆ ಕಾಗದವೂ ಹೆಚ್ಚಿತು. ಮಾಲು ರೈಲಿಗೆ ಹಾಕಿದ ವರ್ತಕನಿಗೆ ಆರ್‌ಆರ್, ಎಂದರೆ ರೈಲ್ವೆ ರಸೀದಿ, ಸಿಗುತ್ತಿತ್ತು. ಅದನ್ನು ಬ್ಯಾಂಕಿನ ಮೂಲಕ ಕಳಿಸಿದರೆ, ಆ ಊರಿನ ಖರೀದಿದಾರ ಬ್ಯಾಂಕಿಗೆ ಹಣ ಕಟ್ಟಿ ಆರ್‌ಆರ್ ಬಿಡಿಸಿಕೊಂಡು ಮಾಲು ಎತ್ತುತ್ತಿದ್ದ. ಒಂದೇ ಲೋಡಿನ ವಿವರ ಮಂಡಿ, ಸ್ಟೇಷನ್, ಬ್ಯಾಂಕು, ಕೊಂಡವನ ಅಂಗಡಿ, ಇಷ್ಟೂ ಕಡೆ ದಾಖಲಾಗುತ್ತಿತ್ತು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ಕು ಕೈ. ಒಬ್ಬ ತಪ್ಪು ಬರೆದರೆ ಉಳಿದ ಮೂವರ ಪುಸ್ತಕ ಅದನ್ನು ಹಿಡಿದುಕೊಡುತ್ತಿತ್ತು.

ಮಂಡಿಯೊಳಗೂ ಲೆಕ್ಕ ಒಂದೇ ಪುಸ್ತಕದಲ್ಲಿ ನಿಲ್ಲುತ್ತಿರಲಿಲ್ಲ. ಅಪ್ಪನ ಇಳಿಜಾರು ಡೆಸ್ಕಿನ ಮೇಲೆ ಮೂರು ಪುಸ್ತಕ. ತೂಕದ ಹತ್ತಿರ ನಿಂತು ಗೀಚಿಕೊಳ್ಳುವುದು ಚಿಟ್ಟಾ: ಯಾರ ಮಾಲು, ಎಷ್ಟು ಚೀಲ, ಎಷ್ಟು ತೂಕ, ಏನು ದರ. ಸಂಜೆ ಅದನ್ನು ತಾರೀಖಿನ ಪ್ರಕಾರ ಕಿರ್ದಿಗೆ ಏರಿಸುವುದು. ಅಲ್ಲಿಂದ ಒಬ್ಬೊಬ್ಬ ರೈತನ ಹೆಸರಿನ ಪುಟಕ್ಕೆ, ಖಾತೆಗೆ. ರೈತನಿಗೆ ಕೊಡುವ ಪಟ್ಟಿಯಲ್ಲಿ ಹಮಾಲಿ ಎಷ್ಟು, ಮುಂಗಡ ಎಷ್ಟು ಮುರಿದುಕೊಂಡದ್ದು ಎಂದೆಲ್ಲ ಇರುತ್ತಿತ್ತು. ಅದರ ಕೆಳಗೆ ಕಾರ್ಬನ್ ಹಾಳೆ. ಒತ್ತಿ ಬರೆದು ಬರೆದು ಅಪ್ಪನ ನಡುಬೆರಳಿನ ಪಕ್ಕ ಗಂಟು ಕಟ್ಟಿತ್ತು. ಕೊನೆಯ ಪ್ರತಿಯ ಅಕ್ಷರ ಮಾಸಿ ಬಂದರೆ ಆ ಪಟ್ಟಿ ಹರಿದು ಇನ್ನೊಮ್ಮೆ ಬರೆಯುತ್ತಿದ್ದರು.

ಆಗಾಗ ಯಾರಾದರೂ ಬಂದು, "ರೈಟ್ರೇ, ಪಟ್ಟಿ ಎಲ್ಲೋ ಕಳ್ದೋಗೈತೆ, ನಿಮ್ ಬುಕ್ನಾಗೆ ಏನೈತೆ ಒಸಿ ನೋಡಿ" ಅನ್ನುತ್ತಿದ್ದರು. "ಎಲ್ಲಿ ಹೋಗ್ತದೆ, ಕೂತ್ಕೊಳ್ಳಪ್ಪ" ಎಂದು ಅಪ್ಪ ಕಿರ್ದಿ ತೆಗೆಯುತ್ತಿದ್ದರು. ಖಾತೆಯ ಪುಟಕ್ಕೆ ನೀರು ಬಿದ್ದರೆ ಕಿರ್ದಿಯಿಂದ ಖಾತೆ ಕಟ್ಟಬಹುದು, ಕಿರ್ದಿ ಕೆಟ್ಟರೆ ಚಿಟ್ಟಾ ಇದೆ. ಮೂರೂ ಒಂದಕ್ಕೊಂದು ತಾಳೆ ಆಗದೆ ಅವರು ಮನೆಗೆ ಬರುತ್ತಿರಲಿಲ್ಲ.

ಅವರಿಂದ ಕಲಿತ ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ದೊಡ್ಡದು. ವರ್ಷ ಮುಗಿದ ಪುಸ್ತಕಗಳನ್ನು ಮಂಡಿಯಲ್ಲಿ ಇಡುತ್ತಿರಲಿಲ್ಲ. ಬಟ್ಟೆಯಲ್ಲಿ ಗಂಟು ಕಟ್ಟಿ ಯಜಮಾನರ ಮನೆಗೆ ಕಳಿಸುತ್ತಿದ್ದರು. ಗೋದಾಮಿನ ತುಂಬ ಕೊಬ್ಬರಿ, ಕೊಬ್ಬರಿಯ ತುಂಬ ಎಣ್ಣೆ. ಕಿಡಿ ಬಿದ್ದರೆ ಆರಿಸುವುದು ಕಷ್ಟ. ಮಾಲು ಹೋದರೂ ಲೆಕ್ಕ ಉಳಿದರೆ ಮಂಡಿ ಮತ್ತೆ ನಿಲ್ಲುತ್ತದೆ, ಎರಡೂ ಒಟ್ಟಿಗೆ ಹೋದರೆ ಏಳುವಂತಿಲ್ಲ ಎಂಬುದು ಯಜಮಾನರ ಮಾತು.

ಈ ಮಾತನ್ನು ಜಗತ್ತಿನ ದೊಡ್ಡ ದೊಡ್ಡವರೇ ಮರೆತರು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಹೊತ್ತಿ ಉರಿಯಿತು. ಸುಮಾರು 36 ಲಕ್ಷ ವೆಬ್‌ಸೈಟ್‌ಗಳು ನಿಂತುಹೋದವು. ಪ್ರತಿಯೂ ಅದೇ ಆವರಣದಲ್ಲಿದ್ದ ಗಿರಾಕಿಗಳಲ್ಲಿ ಹಲವರಿಗೆ ಏನೂ ಉಳಿಯಲಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ, ಸರ್ಕಾರಿ ನೌಕರರು ಕೆಲಸದ ದಾಖಲೆ ಇಡುತ್ತಿದ್ದ 858 ಟೆರಾಬೈಟ್ ಸಂಗ್ರಹ ಸುಟ್ಟುಹೋಯಿತು. ಅದಕ್ಕೆ ಬೇರೆ ಕಡೆ ಪ್ರತಿಯೇ ಇರಲಿಲ್ಲ.

ಪ್ರತಿ ಇಲ್ಲದ ವ್ಯಾಪಾರದ ಸಂಕಟ ಇಲ್ಲಿನ ರೈತರಿಗೆ ಹೊಸದಲ್ಲ. ಬಿಳಿ ಚೀಟಿ ಎಂದರೆ ಸಾಕು, ಕೃಷಿ ಮಾರುಕಟ್ಟೆ ಕಂಡ ಎಲ್ಲರಿಗೂ ಗೊತ್ತು. ಅಧಿಕೃತ ರಸೀದಿ ಕೊಡದೆ ಬರೀ ಹಾಳೆಯ ಮೇಲೆ ಮೊತ್ತ ಗೀಚಿ ಕೊಡುವುದು. ಅದರ ಪ್ರತಿ ಮಾರುಕಟ್ಟೆ ಸಮಿತಿಯಲ್ಲಿ ಇರುವುದಿಲ್ಲ, ತಕರಾರು ಬಂದರೆ ರೈತನ ಪರವಾಗಿ ಮಾತಾಡುವ ಪುಸ್ತಕ ಯಾವುದೂ ಇರುವುದಿಲ್ಲ. 1966ರ ಕೃಷಿ ಮಾರುಕಟ್ಟೆ ಕಾಯ್ದೆಯಡಿ ಹರಾಜು, ತೂಕ, ರಸೀದಿಗಳೆಲ್ಲ ಸಮಿತಿಯ ಕಣ್ಣಳತೆಗೆ ಬಂದದ್ದರ ನಿಜವಾದ ಲಾಭ ಇದು: ರೈತನ ಲೆಕ್ಕಕ್ಕೆ ವರ್ತಕನದಲ್ಲದ ಇನ್ನೊಂದು ಪ್ರತಿ. 2014ರಲ್ಲಿ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ಲಾಟ್ ನಂಬರು, ಇ-ಟೆಂಡರಿನ ದರ ಎಲ್ಲ ಕಂಪ್ಯೂಟರಿಗೆ ಬಂದವು. ರೈತನ ಫೋನಿಗೆ ಬರುವ ದರದ ಮೆಸೇಜು ಅವನ ಕೈಗೆ ಸಿಕ್ಕ ಹೊಸ ಪ್ರತಿ.

ಮಂಡಿಗಳಲ್ಲೂ ಕಿರ್ದಿ ಹೋಗಿ ಟ್ಯಾಲಿ ಬಂತು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಿನಲ್ಲಿ ಶುರುವಾದ, ಈಗ ಬೆಂಗಳೂರಿನಲ್ಲಿ ನೆಲೆನಿಂತ ಕಂಪನಿಯ ತಂತ್ರಾಂಶ ಅದು. ಸಂಜೆ ಫ್ಲಾಪಿಗೆ, ಆಮೇಲೆ ಪೆನ್‌ಡ್ರೈವಿಗೆ ಬ್ಯಾಕಪ್ ತೆಗೆಯುವ ರೂಢಿ ಬಿಲ್ಲು ಬರೆಯುವವರಲ್ಲಿ ಬೆಳೆಯಿತು. ವೆಬ್‌ಸೈಟ್ ಬಂದಾಗ ಮಾತ್ರ ಅದನ್ನು ಜನ ಲೆಕ್ಕದ ಪುಸ್ತಕ ಎಂದು ತಿಳಿಯದೆ ಅಂಗಡಿಯ ಬೋರ್ಡು ಎಂದು ತಿಳಿದರು.

ಅದರ ಫಲವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಚಿಕ್ಕನಾಯಕನಹಳ್ಳಿ ಕಡೆಯ ಅಣ್ಣ-ತಂಗಿ ಇಬ್ಬರು ಗಾಣದ ಕೊಬ್ಬರಿ ಎಣ್ಣೆಯನ್ನು ವೆಬ್‌ಸೈಟಿನಲ್ಲಿ ಮಾರುತ್ತಿದ್ದರು. ಸೈಟು ಮಾಡಿಕೊಟ್ಟ ಹುಡುಗ ಊರು ಬಿಟ್ಟಿದ್ದ. ಹೋಸ್ಟಿಂಗ್ ಬಾಡಿಗೆಯ ನೆನಪೋಲೆಗಳು ಅವನ ಇ-ಮೇಲಿಗೇ ಹೋಗುತ್ತಿದ್ದವು. ಬಾಡಿಗೆ ಕಟ್ಟದೆ ಸೈಟು ಅಳಿಸಿಹೋದ ಮೇಲೆ ನನ್ನನ್ನು ಕರೆದರು. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್ನಿನಲ್ಲಿ ಸೈಟಿನ ಮುಖಪುಟ ಮತ್ತು ಕೆಲವು ಚಿತ್ರ ಸಿಕ್ಕವು. ಎಲ್ಲರಿಗೂ ಕಾಣುವ ಪುಟಗಳಷ್ಟೇ ಅಲ್ಲಿ ಉಳಿಯುತ್ತವೆ. ಆರ್ಡರು, ವಿಳಾಸ, ಬಾಕಿ ಎಲ್ಲ ಇರುವುದು ಒಳಗಿನ ಡೇಟಾಬೇಸಿನಲ್ಲಿ. ಅದರ ಪ್ರತಿ ಯಾರಲ್ಲೂ ಇರಲಿಲ್ಲ.

ಆಗ ನಾವು ಮಾಡಿದ್ದು ಅಪ್ಪನ ಕೆಲಸ. ಕೊರಿಯರ್ ಚೀಟಿಗಳನ್ನು ತಾರೀಖಿನ ಪ್ರಕಾರ ನೆಲದ ಮೇಲೆ ಹರಡಿದೆವು. ತಂಗಿ ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಯುಪಿಐ ಜಮೆಗಳನ್ನು ಓದುತ್ತಾ ಹೋದಳು, ಅಣ್ಣ ವಾಟ್ಸಾಪಿನಲ್ಲಿ ಹೆಸರು ಹುಡುಕಿದ, ನಾನು ಮೂರನ್ನೂ ಕೂಡಿಸಿ ಬರೆದೆ. ಕೊರಿಯರಿನವರ ಪುಸ್ತಕ, ಬ್ಯಾಂಕಿನ ಪುಸ್ತಕ, ಗಿರಾಕಿಯ ಫೋನು: ಇವು ಬೇರೆ ಬೇರೆ ಕೈಯಲ್ಲಿದ್ದುದರಿಂದಲೇ ಅರ್ಧಕ್ಕಿಂತ ಹೆಚ್ಚು ಲೆಕ್ಕ ಮರಳಿ ಬಂತು. ಚೀಟಿ ಸಿಕ್ಕದ ಗಿರಾಕಿಗಳು ಶಾಶ್ವತವಾಗಿ ಕೈಬಿಟ್ಟುಹೋದರು.

ಹಾಗಾಗದಂತೆ ಮಾಡುವುದು ಕಷ್ಟವಲ್ಲ. ವೆಬ್‌ಸೈಟ್ ಎಂದರೆ ಎರಡು ಭಾಗ: ಚಿತ್ರ, ಪುಟ, ವಿನ್ಯಾಸದ ಫೈಲುಗಳು ಒಂದು, ಡೇಟಾಬೇಸ್ ಇನ್ನೊಂದು. ಎರಡರ ಪ್ರತಿಯೂ ಬೇಕು. ದಿನವೂ ಆರ್ಡರು ಬರುವ ಸೈಟಿನ ಡೇಟಾಬೇಸನ್ನು ದಿನವೂ, ಫೈಲುಗಳನ್ನು ಬದಲಾದಾಗಲೆಲ್ಲ ಪ್ರತಿ ತೆಗೆಯಬೇಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ 2005ರ ತಮ್ಮ ಪುಸ್ತಕದಲ್ಲಿ ಹೇಳಿದ 3-2-1 ಸೂತ್ರ ಈಗ ಎಲ್ಲೆಡೆ ಪ್ರಸಿದ್ಧ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ನಮ್ಮ ಮಂಡಿಯ ಮೂರು ಪುಸ್ತಕ ಮತ್ತು ಯಜಮಾನರ ಮನೆಯ ಗಂಟು ನೋಡಿದವರಿಗೆ ಇದು ಪರಿಚಿತವೇ. ಹೋಸ್ಟಿಂಗ್ ಕಂಪನಿ ತಾನೇ ತೆಗೆಯುವ ಬ್ಯಾಕಪ್ ಗೋದಾಮಿನೊಳಗಿನ ಪುಸ್ತಕ, ಅದೊಂದೇ ಸಾಲದು. ಹಳೆಯ ಪ್ರತಿಯ ಮೇಲೆ ಹೊಸದನ್ನು ಬರೆಯದೆ ಕೆಲವು ವಾರ, ಕೆಲವು ತಿಂಗಳ ಪ್ರತಿಗಳನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು. ಸೈಟಿನೊಳಗೆ ಹೊಕ್ಕ ಕಳ್ಳ ತಂತ್ರಾಂಶ ವಾರಗಟ್ಟಲೆ ಅಡಗಿ ಕೂತಿದ್ದರೆ ನಿನ್ನೆಯ ಪ್ರತಿಯಲ್ಲೂ ಅದು ಇರುತ್ತದೆ. ಡೊಮೈನ್ ಹೆಸರು, ಹೋಸ್ಟಿಂಗ್ ಎರಡೂ ಉದ್ದಿಮೆಯ ಯಜಮಾನರ ಹೆಸರಿನಲ್ಲಿ, ಅವರದೇ ಇ-ಮೇಲಿನಲ್ಲಿ ಇರಬೇಕು.

ಕಾನೂನೂ ಈಗ ಇದೇ ದಾರಿಗೆ ಬಂದಿದೆ. ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಉಳಿಸಿಕೊಳ್ಳಬೇಕು. ನೋಂದಾಯಿತ ಕಂಪನಿಗಳು ಕಂಪ್ಯೂಟರಿನಲ್ಲಿರುವ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರಿನಲ್ಲಿ ದಿನಂಪ್ರತಿ ಇಡಬೇಕೆಂದು 2022ರ ಆಗಸ್ಟಿನಲ್ಲಿ ನಿಯಮ ತಿದ್ದಲಾಯಿತು.

ಇಷ್ಟಾದರೂ ತಾಳೆ ನೋಡದ ಪ್ರತಿಯನ್ನು ನಂಬುವಂತಿಲ್ಲ. ಬ್ಯಾಕಪ್ ಫೈಲನ್ನು ಆಗಾಗ ಬೇರೆ ಕಂಪ್ಯೂಟರಿಗೆ ಹಾಕಿ ಸೈಟನ್ನು ಎಬ್ಬಿಸಿ, ಕಳೆದ ವಾರದ ಒಂದು ಆರ್ಡರನ್ನು ಹೆಸರು ಹಿಡಿದು ಹುಡುಕಬೇಕು. ಸಿಕ್ಕರೆ ಅದು ಪ್ರತಿ. ಮಾರ್ಚ್ 31ಕ್ಕೆ ವ್ಯಾಪಾರಸ್ಥರೆಲ್ಲ ವರ್ಷದ ಲೆಕ್ಕ ಮುಗಿಸುತ್ತಾರೆ. 2011ರಿಂದ ಅದೇ ದಿನವನ್ನು ವಿಶ್ವ ಬ್ಯಾಕಪ್ ದಿನ ಎಂದೂ ಆಚರಿಸುತ್ತಾರೆ. ಕಡೇಪಕ್ಷ ಆ ದಿನವಾದರೂ ನನ್ನ ಗಿರಾಕಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಮಾಡಿ ತೋರಿಸುತ್ತೇನೆ.

ತಿಪಟೂರಿನ ಕೊಬ್ಬರಿಗೆ ಹೆಸರು ಬಂದದ್ದು ರುಚಿಯಿಂದ. ಮುಖ ನೋಡದ ದೂರದೂರಿನ ವ್ಯಾಪಾರಿ ಇಲ್ಲಿನ ಮಂಡಿಯನ್ನು ನಂಬಿ ವ್ಯವಹಾರ ಮಾಡಿದ್ದು ಕೇಳಿದಾಗ ಲೆಕ್ಕ ತೋರಿಸುತ್ತಾರೆ ಎಂಬ ಭರವಸೆಯಿಂದ. ವೆಬ್‌ಸೈಟಿನಲ್ಲಿ ಮೊದಲೇ ಹಣ ಕಟ್ಟುವ ಗಿರಾಕಿಯೂ ನಮ್ಮ ಮುಖ ನೋಡಿದವನಲ್ಲ. ಅವನು ಫೋನು ಮಾಡಿ ಆರ್ಡರ್ ನಂಬರು ಹೇಳಿದಾಗ "ಕೂತ್ಕೊಳ್ಳಪ್ಪ" ಎನ್ನುವ ಧೈರ್ಯ ನಮಗೂ ಇರಬೇಕು, ತೆರೆದು ತೋರಿಸುವ ಪುಸ್ತಕವೂ ಇರಬೇಕು.