ಸ್ಪ್ಯಾನಿಷ್ ಭಾಷೆಯ ಪ್ರಶ್ನಾವಾಕ್ಯಗಳು

ಸ್ಪ್ಯಾನಿಷ್‌ನಲ್ಲಿ ಹೌದು, ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗೆ ಬೇರೆ ಪ್ರತ್ಯಯವಿಲ್ಲ. ಕನ್ನಡದಲ್ಲಿ ‘ಬಂದಳು’ ಎಂಬುದು ‘ಬಂದಳಾ’, ‘ಬಂದಳೇ’ ಎಂದಾದೊಡನೆ ಪ್ರಶ್ನೆ. ಸ್ಪ್ಯಾನಿಷ್‌ನಲ್ಲಿ ಆ ಕೆಲಸ ದನಿಯದು. ‘ಆನಾ ಬಿಬೆ ಎನ್ ಲಿಮಾ’ ಎಂದರೆ ‘ಆನಾ ಲಿಮಾದಲ್ಲಿ ವಾಸಿಸುತ್ತಾಳೆ’. ಅದೇ ಪದಗಳನ್ನು ಅದೇ ಕ್ರಮದಲ್ಲಿ, ಕೊನೆಗೆ ದನಿ ಏರಿಸಿ ಹೇಳಿದರೆ ‘ವಾಸಿಸುತ್ತಾಳಾ?’ ಎಂದಾಗುತ್ತದೆ. ಕ್ರಿಯಾಪದವನ್ನು ಮುಂದೆ ತಂದು ‘ಬಿಬೆ ಆನಾ ಎನ್ ಲಿಮಾ?’ ಎನ್ನುವುದೂ ಉಂಟು. ಕ್ರಿಯಾಪದದ ಕೊನೆಯೇ ಪುರುಷ, ವಚನಗಳನ್ನು ತಿಳಿಸುವುದರಿಂದ ಕನ್ನಡದಂತೆ ಇಲ್ಲಿಯೂ ಕರ್ತೃವನ್ನು ಬಿಡಬಹುದು. ಆಗ ಉಳಿಯುವುದು ‘ಬಿಬೆ ಎನ್ ಲಿಮಾ’ ಮಾತ್ರ. ಅದು ಹೇಳಿಕೆಯೋ ಪ್ರಶ್ನೆಯೋ ಎಂಬುದು ಕಿವಿಗೆ ತಿಳಿದೀತು, ಕಾಗದದ ಮೇಲೆ ಕೊನೆಯ ಪ್ರಶ್ನಚಿಹ್ನೆ ಕಾಣುವವರೆಗೆ ತಿಳಿಯದು.

ವಾಕ್ಯದ ಆರಂಭದಲ್ಲಿ ಬರುವ ತಲೆಕೆಳಗಾದ ಪ್ರಶ್ನಚಿಹ್ನೆ ಈ ತೊಡಕಿಗೆ ಸಿಕ್ಕ ಪರಿಹಾರ. 1713ರಲ್ಲಿ ಸ್ಥಾಪನೆಯಾದ ಸ್ಪೇನಿನ ರಾಯಲ್ ಅಕಾಡೆಮಿ 1754ರ ತನ್ನ ಕಾಗುಣಿತ ಗ್ರಂಥದಲ್ಲಿ ಇದನ್ನು ಸೂಚಿಸಿತು. ಉದ್ದನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದುವವನಿಗೆ ದನಿ ಎಲ್ಲಿಂದ ಬದಲಾಗಬೇಕೆಂದು ಮೊದಲೇ ಗೊತ್ತಾಗಲಿ ಎಂಬುದು ಉದ್ದೇಶ. ಮೊದಮೊದಲು ಉದ್ದದ ವಾಕ್ಯಗಳಿಗಷ್ಟೇ ಹೇಳಿದ್ದು ಆಮೇಲೆ ಎಲ್ಲ ಪ್ರಶ್ನೆಗಳಿಗೂ ನಿಯಮವಾಯಿತು. ಚಿಹ್ನೆ ವಾಕ್ಯದ ತಲೆಯಲ್ಲೇ ಇರಬೇಕೆಂದಿಲ್ಲ. ಪ್ರಶ್ನೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಬರುತ್ತದೆ: ‘ಇ ಆನಾ, ¿ದೊಂದೆ ಬಿಬೆ?’ (ಮತ್ತೆ ಆನಾ, ಅವಳು ಎಲ್ಲಿ ವಾಸಿಸುತ್ತಾಳೆ?). ಅವಸರದ ಮೊಬೈಲ್ ಸಂದೇಶಗಳಲ್ಲಿ ಮೊದಲು ಮಾಯವಾಗುವುದೂ ಇದೇ ಚಿಹ್ನೆ.

ಪ್ರಶ್ನಾರ್ಥಕ ಪದವಿದ್ದರೆ ಅದು ಮುಂದೆ, ಅದರ ಬೆನ್ನಿಗೇ ಕ್ರಿಯಾಪದ, ಆಮೇಲೆ ಕರ್ತೃ: ‘¿ದೊಂದೆ ಬಿಬೆ ಆನಾ?’ ಪ್ರಶ್ನೆಯ ಕೆಲಸವನ್ನು ಪದವೇ ಮಾಡಿರುವುದರಿಂದ ಇಲ್ಲಿ ದನಿ ಸಾಮಾನ್ಯವಾಗಿ ಕೊನೆಗೆ ಇಳಿಯುತ್ತದೆ. ಕ್ಯೂಬಾ, ಪೋರ್ಟೊ ರಿಕೊ, ಡೊಮಿನಿಕನ್ ಗಣರಾಜ್ಯಗಳ ಆಡುಮಾತು ಈ ಕ್ರಮಕ್ಕೆ ಅಷ್ಟಾಗಿ ಕಟ್ಟುಬೀಳುವುದಿಲ್ಲ. ಅಲ್ಲಿ ‘¿ದೊಂದೆ ತು ಬಿಬೆಸ್?’ (ನೀನು ಎಲ್ಲಿ ವಾಸಿಸುತ್ತೀಯ?) ಎಂದು ಸರ್ವನಾಮ ನಡುವೆ ನುಸುಳುತ್ತದೆ. ಕನ್ನಡದ ವಿಭಕ್ತಿ ಪದದ ಹಿಂದೆ ಅಂಟಿದರೆ ಸ್ಪ್ಯಾನಿಷ್‌ನ ಸಂಬಂಧಸೂಚಕ ಪದ ಮುಂದೆ ನಿಲ್ಲುತ್ತದೆ, ಪ್ರಶ್ನೆಯಲ್ಲೂ ಅದು ಜಾಗ ಬಿಡುವುದಿಲ್ಲ. ‘ಕೊನ್ ಕ್ಯೆನ್’ ಎಂದರೆ ಯಾರ ಜೊತೆ, ‘ದೆ ದೊಂದೆ’ ಎಂದರೆ ಎಲ್ಲಿಂದ.

ಪ್ರಶ್ನಾರ್ಥಕ ಪದಗಳ ಸ್ವರದ ಮೇಲೊಂದು ಓರೆಗೆರೆ ಇರುತ್ತದೆ. ‘ಲಾ ಕಾಸಾ ದೊಂದೆ ಬಿಬೆ ಆನಾ’ (ಆನಾ ವಾಸಿಸುವ ಮನೆ) ಎಂಬಲ್ಲಿ ‘ದೊಂದೆ’ಗೆ ಗೆರೆಯಿಲ್ಲ, ಏಕೆಂದರೆ ಅಲ್ಲಿ ಯಾರೂ ಏನನ್ನೂ ಕೇಳುತ್ತಿಲ್ಲ. ‘ನೊ ಸೆ ದೊಂದೆ ಬಿಬೆ ಆನಾ’ (ಆನಾ ಎಲ್ಲಿ ವಾಸಿಸುತ್ತಾಳೋ ಗೊತ್ತಿಲ್ಲ) ಎಂಬಲ್ಲಿ ಪ್ರಶ್ನಚಿಹ್ನೆ ಇಲ್ಲದಿದ್ದರೂ ಗೆರೆ ಉಂಟು. ಒಳಗೆ ಅಡಗಿದ ಪ್ರಶ್ನೆಯನ್ನು ಕನ್ನಡ ಓ-ಕಾರದಿಂದ ತೋರಿಸಿದರೆ ಸ್ಪ್ಯಾನಿಷ್ ಗೆರೆಯಿಂದ ತೋರಿಸುತ್ತದೆ.

ಕಲಿಯುವವರು ಹೆಚ್ಚು ಎಡವುವುದು ‘ಕೆ’ (ಏನು), ‘ಕ್ವಾಲ್’ (ಯಾವುದು) ಎಂಬ ಜೋಡಿಯಲ್ಲಿ. ‘¿ಕೆ ಎಸ್ ಉನಾ ಕಪಿತಾಲ್?’ ಎಂದರೆ ರಾಜಧಾನಿ ಎಂದರೇನು ಎಂದು ಅರ್ಥ ಕೇಳಿದಂತೆ. ‘¿ಕ್ವಾಲ್ ಎಸ್ ಲಾ ಕಪಿತಾಲ್ ದೆಲ್ ಪೆರು?’ ಎಂದರೆ ಪೆರುವಿನ ರಾಜಧಾನಿ ಯಾವುದು ಎಂದು ಹಲವುಗಳಲ್ಲಿ ಒಂದನ್ನು ಗುರುತಿಸಲು ಕೇಳಿದಂತೆ. ಕನ್ನಡಿಗರಿಗೆ ಈ ಭೇದ ಮನೆಯಲ್ಲೇ ಇದೆ. ‘ಎಷ್ಟು’ ಎಂಬ ಪದ ಮಾತ್ರ ಅಲ್ಲಿ ಲಿಂಗ, ವಚನಕ್ಕೆ ತಕ್ಕಂತೆ ಕ್ವಾಂತೊ, ಕ್ವಾಂತಾ, ಕ್ವಾಂತೊಸ್, ಕ್ವಾಂತಾಸ್ ಎಂದು ರೂಪ ಬದಲಿಸುತ್ತದೆ.

ಎದುರಿಗಿರುವವರು ಯಾರು ಎಂಬುದರ ಮೇಲೂ ಪ್ರಶ್ನೆಯ ರೂಪ ಬದಲಾಗುತ್ತದೆ. ಸಲಿಗೆಯವರಿಗೆ ‘¿ದೊಂದೆ ಬಿಬೆಸ್?’, ಗೌರವಕ್ಕೆ ‘¿ದೊಂದೆ ಬಿಬೆ ಉಸ್ತೆದ್?’ ‘ಉಸ್ತೆದ್’ ಎಂಬುದು ‘ತಮ್ಮ ಕೃಪೆ’ ಎಂಬರ್ಥದ ‘ಬ್ವೆಸ್ತ್ರಾ ಮೆರ್ಸೆದ್’ ಸವೆದು ಆದದ್ದು. ಹಾಗಾಗಿಯೇ ಅದಕ್ಕೆ ಪ್ರಥಮಪುರುಷದ ಕ್ರಿಯಾರೂಪ. ಕೇಳಿದ್ದು ಅವಳ ಬಗ್ಗೆಯೋ ತಮ್ಮ ಬಗ್ಗೆಯೋ ಎಂಬ ಗೊಂದಲ ಬೇಡವೆಂದು ಸರ್ವನಾಮವನ್ನು ಹಲವು ಸಲ ಉಳಿಸಿಕೊಳ್ಳುತ್ತಾರೆ. ‘¿ದೊಂದೆ ಬಿಬೀಸ್?’ ಎಂಬ ಪ್ರಶ್ನೆ ಬ್ಯೂನಸ್ ಐರಿಸ್‌ನಲ್ಲಿ ಒಬ್ಬ ಗೆಳೆಯನಿಗೆ, ಮ್ಯಾಡ್ರಿಡ್‌ನಲ್ಲಿ ಗೆಳೆಯರ ಗುಂಪಿಗೆ.

ವಾಕ್ಯದ ಕೊನೆಗೆ ‘¿ನೊ?’ ಅಥವಾ ‘¿ಬೆರ್ದಾದ್?’ ಸೇರಿಸಿದರೆ ‘ಅಲ್ವಾ?’, ‘ಹೌದಲ್ವಾ?’ ಎಂಬ ಭಾವ ಬರುತ್ತದೆ. ಒಂಟಿ ಪದವೂ ಪ್ರಶ್ನೆಯಾಗಬಲ್ಲದು: ಫೋನ್ ಎತ್ತಿದೊಡನೆ ಸ್ಪೇನಿನವರು ‘¿ದಿಗಾ?’ (ಹೇಳಿ) ಎಂದರೆ ಮೆಕ್ಸಿಕೊದವರು ‘¿ಬ್ವೆನೊ?’ ಎನ್ನುತ್ತಾರೆ. ‘ಬ್ವೆನೊ’ ಎಂದರೆ ಒಳ್ಳೆಯದು ಎಂದಷ್ಟೇ ಅರ್ಥ. ಪ್ರಶ್ನೆ ಇರುವುದು ದನಿಯಲ್ಲಿ.