ಕಾಲಡಿಯ ನೆಲ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಅಲ್ಲಿನ ವಿದ್ಯಾರ್ಥಿಗಳು ಇವತ್ತಿಗೂ 'ಫಾರ್ಮ್' ಎಂದೇ ಕರೆಯುತ್ತಾರೆ. ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಕ್ಯಾಂಪಸ್ ತೋರಿಸಲು ಹೊರಡುವ ಬೇ ಏರಿಯಾದ ನಮ್ಮ ಕನ್ನಡಿಗರು ಚರ್ಚು, ಹೂವರ್ ಗೋಪುರ, ರೋಡಾನ ಶಿಲ್ಪಗಳನ್ನು ನೋಡಿಸಿಕೊಂಡು ಮರಳುತ್ತಾರೆ. ಅಲ್ಲೇ ಇರುವ ಕೆಂಪು ಕುದುರೆ ಲಾಯದವರೆಗೆ ಹೋಗುವವರು ಕಡಿಮೆ. ಫಾರ್ಮ್ ಎಂಬ ಹೆಸರು ಬಂದದ್ದು ಅಲ್ಲಿಂದ. 1891ರಲ್ಲಿ ವಿಶ್ವವಿದ್ಯಾಲಯದ ಬಾಗಿಲು ತೆರೆಯುವ ಮೊದಲು ಆ ನೆಲವೆಲ್ಲ ರೈಲ್ವೆ ಧಣಿ, ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್ ಲೇಲ್ಯಾಂಡ್ ಸ್ಟ್ಯಾನ್‌ಫರ್ಡನ ಕುದುರೆ ಸಾಕುವ ಜಾಗವಾಗಿತ್ತು. ನಾಲ್ಕು ಕಾಲಿನ ಪ್ರಾಣಿ ಹೇಗೆ ನಡೆಯುತ್ತದೆ, ಹೇಗೆ ಓಡುತ್ತದೆ ಎಂಬ ಹಳೆಯ ತಕರಾರಿಗೆ 1878ರ ಜೂನ್‌ನಲ್ಲಿ ಉತ್ತರ ಸಿಕ್ಕಿದ್ದೂ ಅಲ್ಲೇ.

ತಕರಾರು ಏನೆಂದರೆ, ಓಡುವ ಕುದುರೆಯ ನಾಲ್ಕೂ ಗೊರಸುಗಳು ಯಾವುದಾದರೂ ಕ್ಷಣದಲ್ಲಿ ಒಟ್ಟಿಗೆ ನೆಲ ಬಿಡುತ್ತವೆಯೇ? ಸ್ಟ್ಯಾನ್‌ಫರ್ಡ್ ಇದರ ಮೇಲೆ 25,000 ಡಾಲರ್ ಪಣ ಕಟ್ಟಿದ್ದನೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಪುರಾವೆಯಿಲ್ಲ. ತನ್ನ ಕುದುರೆಗಳ ಕಾಲಿನ ಗುಟ್ಟು ತಿಳಿದರೆ ತರಬೇತಿ ಸುಧಾರಿಸಬಹುದೆಂಬ ವ್ಯವಹಾರದ ಬುದ್ಧಿಯೇ ಸಾಕಿತ್ತು ಎನ್ನಿಸುತ್ತದೆ. ಅವನು ಕೆಲಸ ವಹಿಸಿದ್ದು ಎಡ್ವರ್ಡ್ ಮೈಬ್ರಿಜ್ ಎಂಬ ಇಂಗ್ಲೆಂಡ್ ಮೂಲದ ಛಾಯಾಗ್ರಾಹಕನಿಗೆ. 1872ರಲ್ಲಿ ಶುರುವಾದ ಪ್ರಯತ್ನ ನಡುವೆ ನಿಂತಿತು. 1874ರಲ್ಲಿ ಮೈಬ್ರಿಜ್ ತನ್ನ ಹೆಂಡತಿಯ ಪ್ರಿಯಕರನನ್ನು ಗುಂಡಿಕ್ಕಿ ಕೊಂದ. ಮರುವರ್ಷ ಪಂಚರು ಅವನನ್ನು ಬಿಡುಗಡೆ ಮಾಡಿದರು. ಆ ಪ್ರಕರಣವೇ ಒಂದು ಪುಸ್ತಕದಷ್ಟಿದೆ, ಇಲ್ಲಿ ಬೇಡ.

1878ರಲ್ಲಿ ಹಾದಿಯ ಒಂದು ಬದಿಗೆ ಹನ್ನೆರಡು ಕ್ಯಾಮೆರಾಗಳನ್ನು ಸಾಲಾಗಿ ಇಟ್ಟರು. ಎದುರು ಬದಿಗೆ ಬಿಳಿಯ ಹಿನ್ನೆಲೆ. ಅದರ ಮೇಲೆ ಅಳತೆಗೆಂದು ಉದ್ದುದ್ದ ಗೆರೆಗಳು, ಅಂಕಿಗಳು. ಹಾದಿಗೆ ಅಡ್ಡಲಾಗಿ ಎಳೆದ ತಂತಿಗಳು ಕ್ಯಾಮೆರಾಗಳ ಮುಚ್ಚಳಕ್ಕೆ ಜೋಡಣೆಯಾಗಿದ್ದವು. ಏಬ್ ಎಡ್ಜಿಂಗ್ಟನ್ ಎಂಬ ಕುದುರೆ ಗಾಡಿ ಎಳೆದುಕೊಂಡು ಕುಕ್ಕುಲೋಟದಲ್ಲಿ ಬಂತು. ಸ್ಯಾಲಿ ಗಾರ್ಡನರ್ ಎಂಬ ಹೆಣ್ಣು ಕುದುರೆ ನಾಗಾಲೋಟದಲ್ಲಿ ಬಂತು. ಕರೆಸಿದ್ದ ಪತ್ರಕರ್ತರ ಮುಂದೆಯೇ ಚಿತ್ರಗಳನ್ನು ತೊಳೆದು ತೋರಿಸಿದರು. ಹೌದು, ನಾಲ್ಕೂ ಕಾಲು ನೆಲ ಬಿಡುತ್ತವೆ. ಆದರೆ ಚಿತ್ರಕಾರರು ಬಹುಕಾಲ ಬರೆಯುತ್ತ ಬಂದಂತೆ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಾಗ ಅಲ್ಲ, ಹೊಟ್ಟೆಯಡಿ ಮಡಚಿಕೊಂಡಾಗ.

ನಾಗಾಲೋಟ ಎಂಬ ನಮ್ಮ ಪದದಲ್ಲಿ ನಾಗನೂ ಇಲ್ಲ, ಹಾವೂ ಇಲ್ಲ. ಅದು ನಾಲ್ಕು ಕಾಲಿನ ಓಟ, ನಾಲ್ಗಾಲೋಟ. ಓಟವನ್ನು ಕಾಲಿನ ಲೆಕ್ಕದಲ್ಲಿ ಹೆಸರಿಸಿದ ಜನಕ್ಕೆ ಈ ತಕರಾರು ಹೊಸದೆನಿಸಲಾರದು.

ಆ ಚಿತ್ರಗಳನ್ನು ನೋಡುತ್ತ ಕೂತಾಗಲೆಲ್ಲ ನನ್ನ ಕಣ್ಣು ಕುದುರೆಯನ್ನು ಬಿಟ್ಟು ಅದರ ಕೆಳಗಿನ ನೆಲಕ್ಕೆ ಹೋಗುತ್ತದೆ. ಅಲ್ಲಿ ನೆಲವೇ ಇಲ್ಲ, ಒಂದು ಗೆರೆಯಿದೆ. ಹಾದಿಯನ್ನು ಓಟಕ್ಕೆಂದೇ ಸಮತಟ್ಟು ಮಾಡಲಾಗಿತ್ತು. ಕಾಲನ್ನು ಅಳೆಯಬೇಕಾದರೆ ಉಳಿದದ್ದನ್ನೆಲ್ಲ ಬದಲಾಗದಂತೆ ಹಿಡಿದಿಡಬೇಕು, ಅದು ವಿಜ್ಞಾನದ ಕ್ರಮ, ತಪ್ಪೇನಲ್ಲ. ಆದರೆ ಪ್ರಾಣಿಯ ನಡಿಗೆ ಎಂಬುದು ಕಾಲು ಮತ್ತು ನೆಲ ಎರಡೂ ಸೇರಿ ಆಗುವ ಕೆಲಸ. ಮೊದಲ ದಿನವೇ ಅದರಲ್ಲಿ ಅರ್ಧವನ್ನು ತೆಗೆದಿಟ್ಟಂತಾಯಿತು, ಅದನ್ನು ಮರಳಿ ಸೇರಿಸಿಕೊಳ್ಳಲು ನೂರು ವರ್ಷ ಹಿಡಿಯಿತು.

ಪ್ಯಾರಿಸ್ಸಿನಲ್ಲಿ ಎತಿಯೆನ್ ಜೂಲ್ ಮಾರೆ ಎಂಬ ಶರೀರವಿಜ್ಞಾನಿ ಮೈಬ್ರಿಜ್‌ಗಿಂತ ಮೊದಲೇ ಬೇರೆ ದಾರಿ ಹಿಡಿದಿದ್ದ. ಗೊರಸಿನಡಿಗೆ ರಬ್ಬರಿನ ಗಾಳಿಬುರುಡೆ ಕಟ್ಟಿ, ಅದರಿಂದ ಸವಾರನ ಕೈಯಲ್ಲಿದ್ದ ಯಂತ್ರಕ್ಕೆ ಕೊಳವೆ ಹಾಯಿಸಿದ. ಗೊರಸು ನೆಲ ಮುಟ್ಟಿದಾಗಲೆಲ್ಲ ಒತ್ತಿದ ಗಾಳಿ ತಿರುಗುವ ಉರುಳೆಯ ಮೇಲೆ ಗೀಟು ಎಳೆಯುತ್ತಿತ್ತು. ಇದು 1873ರ ಅವನ ಪುಸ್ತಕದಲ್ಲಿದೆ. ಅವನ ವಿಧಾನದಲ್ಲಿ ನೆಲವೇ ಬರೆಯುತ್ತಿತ್ತು ಎನ್ನಬಹುದು; ಆದರೆ ಅವನೂ ಕೇಳಿದ್ದು ಯಾವ ಕಾಲು ಯಾವಾಗ ಎಂಬುದನ್ನು. ಆ ಲೆಕ್ಕ ಇಂದಿಗೂ ನಿಂತಿದೆ. ಸಾಧಾರಣ ನಡಿಗೆಯಲ್ಲಿ ಕುದುರೆ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಸರದಿಯಲ್ಲಿ ಊರುತ್ತದೆ. ಕುಕ್ಕುಲೋಟದಲ್ಲಿ ಎದುರುಬದುರು ಮೂಲೆಯ ಕಾಲುಗಳು ಜೊತೆಯಾಗುತ್ತವೆ. ಒಂಟೆಯದು ಬೇರೆ ಬಗೆ, ಒಂದೇ ಬದಿಯ ಎರಡು ಕಾಲು ಒಟ್ಟಿಗೆ. ಅದರ ಮೇಲೆ ಕೂತವರು ತೂಗಾಡುವುದು ಅದಕ್ಕೇ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಶ್ನೆ ಪ್ರಾಣಿಯ ಒಳಕ್ಕೆ ಹೋಯಿತು. 1911ರಲ್ಲಿ ಗ್ರಹಾಂ ಬ್ರೌನ್, ಮಿದುಳಿನ ಸಂಪರ್ಕ ಕಡಿದರೂ ಬೆಕ್ಕಿನ ಬೆನ್ನುಹುರಿ ತಾನಾಗಿ ಹೆಜ್ಜೆಯ ಲಯ ಹುಟ್ಟಿಸಬಲ್ಲದೆಂದು ತೋರಿಸಿದ. 1966ರಲ್ಲಿ ಮಾಸ್ಕೋದ ಶಿಕ್, ಸೆವೆರಿನ್, ಓರ್ಲೋವ್‌ಸ್ಕಿ ಎಂಬ ಮೂವರು ಬೆಕ್ಕನ್ನು ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿ, ಮಿದುಳುಕಾಂಡದ ಒಂದು ಜಾಗಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟರು. ಪ್ರಚೋದನೆ ಹೆಚ್ಚಿದಂತೆ ನಡಿಗೆ ಕುಕ್ಕುಲೋಟವಾಯಿತು, ಕುಕ್ಕುಲೋಟ ನಾಗಾಲೋಟವಾಯಿತು. 1981ರಲ್ಲಿ ಹಾಯ್ಟ್ ಮತ್ತು ಟೇಲರ್ ಚಿಕ್ಕ ಕುದುರೆಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಆಮ್ಲಜನಕ ಅಳೆದರು. ಪ್ರತಿ ನಡಿಗೆಗೂ ಕಡಿಮೆ ಖರ್ಚಿನ ಒಂದು ವೇಗವಿದೆ. ಅದರಷ್ಟಕ್ಕೆ ಬಿಟ್ಟರೆ ಪ್ರಾಣಿ ಆ ವೇಗದ ಆಸುಪಾಸಿನಲ್ಲೇ ಓಡುತ್ತದೆ. ಜಿಪುಣ ಸಂಸಾರಸ್ಥನ ಹಾಗೆ! ಬಹಳ ಸುಂದರವಾದ ಪ್ರಯೋಗ. ಆದರೆ ಅಲ್ಲೂ ಕಾಲ ಕೆಳಗೆ ಇದ್ದದ್ದು ಪಟ್ಟಿ. ಕಲ್ಲಿಲ್ಲ, ಕೆಸರಿಲ್ಲ, ಇಳಿಜಾರಿನ ಜಾರಿಕೆಯಿಲ್ಲ.

ಲ್ಯಾಬಿನ ಹೊರಗೆ ನೋಡಿ. ಆಳವಾದ ಮರಳಿನಲ್ಲಿ ಕುದುರೆ ಹೆಜ್ಜೆಯನ್ನು ಗಿಡ್ಡ ಮಾಡಿ, ಬೇಗ ಬೇಗ ಹಾಕುತ್ತದೆ. ಕಾಲು ಒತ್ತಿದ ಶಕ್ತಿಯನ್ನು ಮರಳು ವಾಪಸು ಕೊಡುವುದಿಲ್ಲ, ತಾನೇ ಸರಿದು ತಿಂದುಬಿಡುತ್ತದೆ. ಇದರ ಬೆಲೆಯನ್ನು ಮನುಷ್ಯರ ಮೇಲೆ ಅಳೆದಿದ್ದಾರೆ: 1998ರ ಒಂದು ಅಧ್ಯಯನದಂತೆ ಮರಳಿನಲ್ಲಿ ನಡೆಯುವುದಕ್ಕೆ ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಶಕ್ತಿ ಬೇಕು. ಒಂಟೆ ಅಗಲವಾದ ಮೆತ್ತೆಯ ಪಾದದಿಂದ ಭಾರ ಹರಡಿ ಹೂತುಹೋಗದೆ ಉಳಿಯುತ್ತದೆ. ಹಿಮದ ಮೇಲೆ ನರಿ ಮುಂಗಾಲು ಮಾಡಿದ ಕುಳಿಯಲ್ಲೇ ಹಿಂಗಾಲು ಇಡುತ್ತದೆ, ಒಮ್ಮೆ ತುಳಿದು ಗಟ್ಟಿಯಾದ ಜಾಗವನ್ನು ಎರಡನೆಯ ಸಲವೂ ಬಳಸಿಕೊಂಡಂತೆ. ನಮ್ಮೂರಿನ ಕಾಂಪೌಂಡ್ ಗೋಡೆಯ ಮೇಲಿನ ಬೆಕ್ಕೂ ಇದನ್ನೇ ಮಾಡುತ್ತದೆ. ಹಿಮಸಾರಂಗ ಇನ್ನೂ ಒಂದು ಹೆಜ್ಜೆ ಮುಂದೆ, ಪಾದವನ್ನೇ ಕಾಲಕ್ಕೆ ತಕ್ಕಂತೆ ಬದಲಿಸುತ್ತದೆ. ಬೇಸಿಗೆಯ ಜೌಗಿನಲ್ಲಿ ಅಂಗಾಲು ಮೆತ್ತಗೆ ಉಬ್ಬಿರುತ್ತದೆ. ಚಳಿಗಾಲದಲ್ಲಿ ಅದು ಕುಗ್ಗಿ, ಗೊರಸಿನ ಅಂಚು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ.

ಪ್ರಾಣಿಯ ಜೊತೆ ದುಡಿದವರಿಗೆ ಇದು ಹೊಸ ಸುದ್ದಿಯಲ್ಲ. ನಮ್ಮ ಕಡೆ ಜಲ್ಲಿ ರಸ್ತೆ, ಟಾರು ರಸ್ತೆಯಲ್ಲಿ ಗಾಡಿ ಹೊಡೆಯುವ ಎತ್ತಿಗೆ ಲಾಳ ಕಟ್ಟಿಸುತ್ತಿದ್ದರು. ಕುದುರೆಯದು ಒಂದೇ ಗೊರಸು, ಎತ್ತಿನದು ಸೀಳು. ಹಾಗಾಗಿ ಕಾಲಿಗೆ ಎರಡೆರಡು ತುಂಡು ಲಾಳ. ಕುದುರೆಯಂತೆ ಎತ್ತು ಮೂರು ಕಾಲಿನ ಮೇಲೆ ತೆಪ್ಪಗೆ ನಿಂತು ಸಹಕರಿಸುವುದಿಲ್ಲ. ಹಗ್ಗ ಹಾಕಿ ನೆಲಕ್ಕೆ ಕೆಡವಿ, ಕಾಲು ಬಿಗಿದು, ಆಮೇಲೆ ಮೊಳೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಾಗಿ ಬೆಳೆದು, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎಂಬ ಹೆಸರು ಪಡೆದ ತಳಿ ಹೆಸರಾದದ್ದು ಹಾಲಿಗಲ್ಲ, ಫಿರಂಗಿ ಗಾಡಿಯನ್ನು ಎಳೆದು ದಾರಿ ಸಾಗಿಸುವ ತಾಕತ್ತಿಗೆ. ಹೈದರನ ಸೈನ್ಯ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ನೆರವಾಯಿತೆಂದು ಬ್ರಿಟಿಷರ ಕಾಲದ ಬರಹಗಳು ಮೆಚ್ಚಿಕೊಂಡು ಹೇಳುತ್ತವೆ. ಆ ದಾರಿ ಮೈಬ್ರಿಜ್‌ನ ಗೆರೆಯಂತೆ ನೇರವಾಗಿರಲಿಲ್ಲ ಎಂಬುದಂತೂ ಖಂಡಿತ.

ನೆಲದ ಪ್ರಶ್ನೆ ಕ್ಯಾಲಿಫೋರ್ನಿಯಾಕ್ಕೆ ಮರಳಿ ಬಂದದ್ದು ಸಾವಿನ ಲೆಕ್ಕವಾಗಿ. ರೇಸಿನ ಕುದುರೆ ಐನೂರು ಕಿಲೋ ತೂಗುತ್ತದೆ. ಪೂರ್ತಿ ವೇಗದಲ್ಲಿ ಅದರ ಒಂದೊಂದು ಮುಂಗಾಲೂ ಕ್ಷಣಮಾತ್ರ ಆ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಹೊರುತ್ತದೆ. ಕಾಲಡಿಯ ನೆಲ ಬಿರುಸಾದರೆ ಆ ಪೆಟ್ಟು ಎಲುಬಿಗೆ, ತೀರ ಸಡಿಲವಾದರೆ ಸ್ನಾಯುರಜ್ಜಿಗೆ. ಒಂದು ಕಡೆ ಗಟ್ಟಿ, ಮುಂದಿನ ಹೆಜ್ಜೆಗೆ ಮೆತ್ತಗೆ ಎಂದಾದರೆ ಇನ್ನೂ ಕಷ್ಟ. ಆ ವೇಗದಲ್ಲಿ ಹೆಜ್ಜೆ ಬದಲಿಸಿಕೊಳ್ಳಲು ಸಮಯವೇ ಇಲ್ಲ. ಕಾಡಿನ ಪ್ರಾಣಿಯಾದರೆ ನೆಲ ನೋಡಿ ನಿಧಾನಿಸುತ್ತಿತ್ತು. ಬೆನ್ನ ಮೇಲೆ ಜಾಕಿ ಕೂತ ಕುದುರೆಗೆ ಆ ಸ್ವಾತಂತ್ರ್ಯವಿಲ್ಲ.

2006ರಲ್ಲಿ ರಾಜ್ಯದ ಕುದುರೆ ರೇಸ್ ಮಂಡಳಿ, ದೊಡ್ಡ ಮೈದಾನಗಳೆಲ್ಲ ಮಣ್ಣು ತೆಗೆದು ಸಿಂಥೆಟಿಕ್ ಹಾದಿ ಹಾಕಬೇಕೆಂದು ಆದೇಶಿಸಿತು: ಮರಳು, ನೂಲಿನ ಎಳೆ, ರಬ್ಬರ್ ಚೂರುಗಳಿಗೆ ಮೇಣ ಸವರಿದ ಮಿಶ್ರಣ. ಅಮೆರಿಕದಲ್ಲಿ ಕೂಡಿಟ್ಟ ಅಂಕಿಅಂಶಗಳ ಪ್ರಕಾರ ಅದರ ಮೇಲೆ ಸಾಯುವ ಕುದುರೆಗಳ ಪ್ರಮಾಣ ಮಣ್ಣಿಗಿಂತ ಕಡಿಮೆ. ಆದರೂ ಅದು ನಿಲ್ಲಲಿಲ್ಲ. ಲಾಸ್ ಏಂಜಲೀಸ್ ಬಳಿಯ ಸಾಂಟಾ ಅನಿತಾದಲ್ಲಿ ಮಳೆ ನೀರು ಇಂಗದೆ ಓಟಗಳು ರದ್ದಾದವು. ಪಣ ಕಟ್ಟುವವರಿಗೆ, ತರಬೇತುದಾರರಿಗೆ ಅದು ಹಿಡಿಸಲಿಲ್ಲ. ಸಾಂಟಾ ಅನಿತಾ 2010ರಲ್ಲಿ, ಡೆಲ್ ಮಾರ್ 2015ರಲ್ಲಿ ಮಣ್ಣಿಗೆ ಮರಳಿದವು. 2018ರ ಡಿಸೆಂಬರ್ ಕೊನೆಯಿಂದ 2019ರ ಜೂನ್‌ವರೆಗೆ, ಮಳೆ ಹೆಚ್ಚು ಸುರಿದ ಚಳಿಗಾಲದ ಆ ಋತುವಿನಲ್ಲಿ, ಸಾಂಟಾ ಅನಿತಾದಲ್ಲಿ ಸುಮಾರು 30 ಕುದುರೆಗಳು ಸತ್ತವು. ತಪ್ಪೆಲ್ಲ ಮಣ್ಣಿನದು ಎನ್ನಲಾಗದು. ಹೊರಗೆ ಕಾಣದ ಹಳೆಯ ಬಿರುಕುಗಳಿದ್ದವು, ಔಷಧಿಗಳ ಪ್ರಶ್ನೆಯಿತ್ತು, ಓಡಿಸಲೇಬೇಕೆಂಬ ಒತ್ತಡವಿತ್ತು. ಆದರೆ ಮಳೆಗೆ ಮೊದಲು ರೋಲರ್ ಹಾಯಿಸಿ ಮಣ್ಣನ್ನು ಬಿಗಿ ಮಾಡುವುದು, ನಿಂತ ಮೇಲೆ ಮತ್ತೆ ಕೆದಕಿ ಸಡಿಲಿಸುವುದು, ಇದರ ನಡುವೆ ನೆಲ ಏನಾಗುತ್ತದೆಂದು ಎಲ್ಲರೂ ಆಗ ಅಳೆಯತೊಡಗಿದರು.

ನಮ್ಮ ಬೇ ಏರಿಯಾದ ಗೋಲ್ಡನ್ ಗೇಟ್ ಫೀಲ್ಡ್ಸ್ ಸಿಂಥೆಟಿಕ್ ಹಾದಿಯನ್ನು ಕೊನೆಯವರೆಗೂ ಉಳಿಸಿಕೊಂಡಿತ್ತು. ಬರ್ಕ್ಲಿಯ ಪಕ್ಕ, ಕೊಲ್ಲಿಯ ನೀರಿಗೆ ತಾಗಿಕೊಂಡಿದ್ದ ಆ ಮೈದಾನ 2024ರ ಜೂನ್‌ನಲ್ಲಿ ಮುಚ್ಚಿತು. ಸಾಂಟಾ ಅನಿತಾದಲ್ಲಿ ರೇಸು ಇಂದಿಗೂ ನಡೆಯುತ್ತದೆ, ಮುಖ್ಯ ಹಾದಿ ಮಣ್ಣಿನದು.